ಪ್ರಶ್ನೋತ್ತರ: ಮಾರುವ ಮೊದಲು ಮನೆಗೆ ಎಂತ ಮಾಡಿಸಬೇಕು?

ಅಡ್ಮಿನ್: ಹಳೆ ಮನೆ ರಿಪೇರಿ ಮಾಡಿಸುವ ಸಿವಿಲ್ ಇಂಜಿನಿಯರ್ ಇವತ್ತು ಗುಂಪಿನಲ್ಲಿ ಇದ್ದಾರೆ. ಮನೆ ಮಾರುವವರು ಕೇಳಬಹುದು.

ಮಣಿಪಾಲದಿಂದ: ಸರ್, ಫ್ಲ್ಯಾಟ್ ಮಾರ್ಲಿಕ್ಕುಂಟು. ಒಳಗೆ ಯಾವ ಬಣ್ಣ ಒಳ್ಳೆಯದು?

ಇಂಜಿನಿಯರ್: ಬಿಳಿ ಅಥವಾ ತಿಳಿ ಕೆನೆ ಬಣ್ಣ. ಅದಕ್ಕಿಂತ ಮೊದಲು ಸೋರುವ ನಳ್ಳಿ, ಫ್ಲಶ್, ಬಾಗಿಲ ಚಿಲಕ ಸರಿಮಾಡಿಸಿ. ನೋಡಲು ಬಂದವರು ಅವನ್ನೇ ತಿರುಗಿಸಿ ನೋಡುತ್ತಾರೆ.

ಉರ್ವದಿಂದ: ನಮ್ಮದು ಕೆಂಪುಕಲ್ಲಿನ ಹಂಚಿನ ಮನೆ. ಒಳಗೋಡೆಯಲ್ಲಿ 3 ಅಡಿಯವರೆಗೆ ಬಿಳಿ ಪುಡಿ ಬರುತ್ತಿತ್ತು. ಕಳೆದ ವರ್ಷ ಕೆತ್ತಿಸಿ ಸಿಮೆಂಟ್ ಸಾರಣೆ, ಪುಟ್ಟಿ ಹಾಕಿಸಿದೆವು. ಈ ಮಳೆಗಾಲ ಮುಗಿಯುವಾಗ 4 ಅಡಿಗೆ ಏರಿದೆ. ಫೆಬ್ರವರಿಯಲ್ಲಿ ಪಾರ್ಟಿ ನೋಡಲು ಬರುತ್ತಾರೆ.

ಇಂಜಿನಿಯರ್: ಅಂಗಳಕ್ಕೆ ಇಂಟರ್‌ಲಾಕ್ ಹಾಸುಕಲ್ಲು ಹಾಕಿಸಿದ್ದೀರಾ?

ಉರ್ವದಿಂದ: ಹೌದು, ಎರಡು ವರ್ಷ ಆಯ್ತು. ಒಳಗಿನ ನೆಲದ ಮಟ್ಟಕ್ಕೇ ಬಂದಿದೆ.

ಇಂಜಿನಿಯರ್: ನನಗೆ ಚಿಂತೆ ಅದೇ. ಪಂಚಾಂಗ, ಅಂದರೆ ಗೋಡೆಯ ಕೆಳಗಿನ ಅಡಿಪಾಯದ ಕಟ್ಟು, ಮುಚ್ಚಿಹೋಗಿದೆ, ಮಾಡಿನ (ಛಾವಣಿಯ) ನೀರು ಇಂಟರ್‌ಲಾಕ್ ಮೇಲೆ ಬಿದ್ದು ಗೋಡೆಗೆ ಹಾರುತ್ತದೆ, ಕೆಂಪುಕಲ್ಲು ಅದನ್ನು ಹೀರುತ್ತದೆ. ಮೊದಲು ಆ ತೇವ ಒಳಗಿನ ಸಾರಣೆಯ ಮೂಲಕ ಆರುತ್ತಿತ್ತು. ಸಿಮೆಂಟ್ ಆ ದಾರಿ ಮುಚ್ಚಿದ ಕಾರಣ ಆರಲು ಜಾಗ ಹುಡುಕಿಕೊಂಡು ಇನ್ನೊಂದು ಅಡಿ ಮೇಲೆ ಹೋಗಿದೆ. ಬಿಳಿ ಪುಡಿ ಅಂದರೆ ನೀರು ಆರಿದ ಮೇಲೆ ಉಳಿದ ಉಪ್ಪು.

ಖಚಿತ ಮಾಡಿಕೊಳ್ಳಲು, ಪುಟ್ಟಿ ಕೆರೆದ ಜಾಗಕ್ಕೆ ಒಂದಡಿ ಚದರದ ಪ್ಲಾಸ್ಟಿಕ್ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಾಕಿ. ಎರಡು ದಿನ ಬಿಟ್ಟು ನೋಡಿ. ಗೋಡೆಯ ಬದಿಗೆ ಹನಿ ನಿಂತರೆ ತೇವ ಒಳಗಿನಿಂದ ಬರುವುದು. ಹೊರಬದಿಗೆ ನಿಂತರೆ ಕೋಣೆಯ ಗಾಳಿಯದ್ದು, ಕಿಟಕಿ ತೆರೆದಿಟ್ಟರೆ ಸಾಕು.

ಒಳಗಿನಿಂದ ಅಂತಾದರೆ ಗೋಡೆಯ ಉದ್ದಕ್ಕೆ 2 ಅಡಿ ಅಗಲ ಇಂಟರ್‌ಲಾಕ್ ಎಬ್ಬಿಸಿ. ಮಣ್ಣು ಒಳನೆಲಕ್ಕಿಂತ ಕನಿಷ್ಠ 6 ಇಂಚು ಕೆಳಗಿರಬೇಕು. ಅದಕ್ಕಿಂತ ಆಳ ಅಗೆದು ಪಂಚಾಂಗದ ಬುಡ ಸಡಿಲ ಮಾಡಬೇಡಿ. ನೀರು ತೋಡಿನ ಕಡೆ ಹರಿಯುವ ಹಾಗೆ ಇಳಿಜಾರು ಕೊಟ್ಟು, ಮಾಡಿನ ಅಂಚಿಗೆ ನೀರು ಹಿಡಿಯುವ ದಂಬೆ ಕಟ್ಟಿಸಿ.

ಒಳಗೆ ಸಿಮೆಂಟ್ ಸಾರಣೆಯನ್ನು ಕಲೆಗಿಂತ ಒಂದಡಿ ಮೇಲಿನವರೆಗೆ ಕೆತ್ತಿಸಿ. ಉಪ್ಪನ್ನು ಒಣ ಬ್ರಶ್‌ನಲ್ಲಿ ಉಜ್ಜಿ ಹೊರಗೆ ಹಾಕಿ. ನೀರು ಹಾಕಿ ತೊಳೆದರೆ ಅದು ಕರಗಿ ಪುನಃ ಕಲ್ಲಿನೊಳಗೆ ಹೋಗುತ್ತದೆ. ಆಮೇಲೆ ಆರಲು ಬಿಡಿ. ಒಂದು ಇಂಚು ದಪ್ಪಕ್ಕೆ ಒಂದು ತಿಂಗಳು ಅಂತ ಅಂದಾಜು. 9 ಇಂಚಿನ ಗೋಡೆ ಎರಡೂ ಬದಿಗೆ ಆರಿದರೂ ನಾಲ್ಕೈದು ತಿಂಗಳು ಬೇಕು. ಹಾಗಾಗಿ ಫೆಬ್ರವರಿಗೆ ಸಾರಣೆ ಮುಗಿಸುವ ಆಸೆ ಬಿಡಿ. ಆರಿದ ಮೇಲೆ ಸುಣ್ಣ 1, ಹೊಯಿಗೆ (ಮರಳು) 3 ಪಾಲಿನ ಸಾರಣೆ, ಮೇಲೆ ಸುಣ್ಣವೇ. ಅಳಿವೆ ಬದಿಯ ಉಪ್ಪು ಹೊಯಿಗೆ ಬೇಡ, ಚೆನ್ನಾಗಿ ತೊಳೆದದ್ದೇ ಆಗಬೇಕು.

ಸುರತ್ಕಲ್‌ನಿಂದ: ಇಷ್ಟೆಲ್ಲ ಯಾಕೆ? ಗುಂಪಿನಲ್ಲಿ ಬಂದದ್ದು: "ಬಿಳಿ ಸಿಮೆಂಟಿಗೆ ಮರದ ಗೋಂದು ಕಲಸಿ ಎರಡು ಕೋಟ್ ಹೊಡೆಯಿರಿ, ತೇವ ಮತ್ತೆ ಬರುವುದೇ ಇಲ್ಲ."

ಇಂಜಿನಿಯರ್: ಗೋಂದು ತೇವಕ್ಕೆ ಮೆತ್ತಗಾಗಿ ಹಾಳೆ ಹಾಳೆಯಾಗಿ ಎದ್ದು ಬರುತ್ತದೆ. ದಯವಿಟ್ಟು ಇದನ್ನು ಮುಂದೆ ಕಳಿಸಬೇಡಿ.

ಕಾಪುವಿನಿಂದ: ರೆಡ್ ಆಕ್ಸೈಡ್ ನೆಲ ಮಂಕಾಗಿದೆ. ಆಸಿಡ್‌ಗೆ ಬ್ಲೀಚಿಂಗ್ ಸೇರಿಸಿ ತೊಳೆದರೆ ಹೊಳೆಯುತ್ತದೆ ಅಂತ ಫಾರ್ವರ್ಡ್ ಬಂತು.

ಇಂಜಿನಿಯರ್: ಮಾಡಲೇಬೇಡಿ! ಅವೆರಡು ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ, ಮುಚ್ಚಿದ ಕೋಣೆಯಲ್ಲಿ ಜೀವಕ್ಕೇ ಅಪಾಯ. ಆಸಿಡ್ ಒಂದೇ ಹಾಕಿದರೂ ನೆಲದ ಸಿಮೆಂಟ್ ತಿಂದು ಬಿಳಿ ಕಲೆ ಉಳಿಯುತ್ತದೆ. ಸೋಪಿನ ನೀರಲ್ಲಿ ಒರೆಸಿ, ಪೂರಾ ಒಣಗಿದ ಮೇಲೆ ಬಟ್ಟೆಗೆ ನಾಲ್ಕು ಹನಿ ತೆಂಗಿನೆಣ್ಣೆ ಹಾಕಿ ಉಜ್ಜಿ. ಹೆಚ್ಚಾದರೆ ಕಾಲು ಜಾರುತ್ತದೆ.

ಬ್ರಹ್ಮಾವರದಿಂದ: ಜಾಗದ ಮೂಲೆಯಲ್ಲಿ ನಾಗನ ಕಲ್ಲು ಉಂಟು. ಮಾರುವಾಗ ಎಂತ ಮಾಡುವುದು?

ಸುರತ್ಕಲ್‌ನಿಂದ: ಉರ್ವದವರೇ, ಪುಟ್ಟಿ ಬಳಿದು ತೋರಿಸಿ ಮಾರಾಯ್ರೆ. ಕೊಳ್ಳುವವರು ಹೇಗೂ ಜಾಗದ ರೇಟ್ ಕೊಡುವುದು, ಮನೆ ಕೆಡವುತ್ತಾರೆ.

ಕದ್ರಿಯಿಂದ: ಕೆಡವುತ್ತಾರೆ ಅಂತ ನಿಮಗೆ ಹೇಳಿದ್ದು ಯಾರು? 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಓದಿ. ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನು ಸಾಮಾನ್ಯ ಎಚ್ಚರದಲ್ಲಿ ನೋಡಿದರೂ ಕಾಣದ ಮುಖ್ಯ ದೋಷವನ್ನು ಹೇಳಲೇಬೇಕು.

ಸುರತ್ಕಲ್‌ನಿಂದ: ಗೋಡೆಯ ತೇವ ಕಾಣದ ದೋಷವಾ? ಕಣ್ಣಿದ್ದವರಿಗೆ ಕಾಣುತ್ತದೆ.

ಕದ್ರಿಯಿಂದ: ಪುಟ್ಟಿ ಬಳಿಯಲು ಹೇಳಿದ್ದು ನೀವೇ ಅಲ್ವಾ? ಬಳಿದ ಮೇಲೆ ಎಲ್ಲಿ ಕಾಣುತ್ತದೆ?

ಸುರತ್ಕಲ್‌ನಿಂದ: ಕಾನೂನು ಪಾಠ ಬೇಡ.

ಇಂಜಿನಿಯರ್: ಇಬ್ಬರೂ ನಿಲ್ಲಿಸಿ. ಒದ್ದೆ ಗೋಡೆಗೆ ಬಳಿದ ಪುಟ್ಟಿ ಫೆಬ್ರವರಿಗೆ ಮೊದಲೇ ಉಬ್ಬುತ್ತದೆ. ಬೀಗ ಹಾಕಿಟ್ಟ ಮನೆ ತೆರೆಯುವಾಗಲೇ ಮುಗ್ಗಲು ವಾಸನೆ ಬೇರೆ. ಉರ್ವದವರು ಕೆಲಸ ಮಾಡಿಸಿದ ಫೋಟೋ, ಬಿಲ್ಲು ಇಟ್ಟುಕೊಂಡು ಪಾರ್ಟಿಗೆ ತೋರಿಸಲಿ.

ಕುಂದಾಪುರದಿಂದ: ಬಾವಿಗೆ ಬ್ಲೀಚಿಂಗ್ ಎಷ್ಟು?

ಇಂಜಿನಿಯರ್: 1000 ಲೀಟರಿಗೆ 2.5 ಗ್ರಾಂ. 2 ಮೀಟರ್ ವ್ಯಾಸ, 3 ಮೀಟರ್ ನೀರಿದ್ದರೆ ಸುಮಾರು 24 ಗ್ರಾಂ. ಪುಡಿ ನೇರ ಸುರಿಯಬೇಡಿ. ಬಕೆಟಿನಲ್ಲಿ ಕಲಸಿ, ಗಸಿ ಕೂತ ಮೇಲೆ ತಿಳಿನೀರು ಮಾತ್ರ ಹಾಕಿ, ಒಂದು ಗಂಟೆ ನೀರು ಎತ್ತಬೇಡಿ.

ಪಡುಬಿದ್ರಿಯಿಂದ: ಸರ್, ಒಳಗೆ ಯಾವ ಬಣ್ಣ ಹೊಡೆಸಲಿ?

ಇಂಜಿನಿಯರ್: ಮೇಲೆ ಓದಿ.

ಬ್ರಹ್ಮಾವರದಿಂದ: ನಾಗನ ಕಲ್ಲಿನ ಬಗ್ಗೆ ಯಾರೂ ಹೇಳಲಿಲ್ಲ.

ಮುಲ್ಕಿಯಿಂದ: ಒಳಗೆ ನೀಲಿ ಬಣ್ಣ ಆಗಬಹುದಾ ಸರ್?

ಇಂಜಿನಿಯರ್: ಬಣ್ಣದ ಪ್ರಶ್ನೆಗೆ ಇನ್ನು ಉತ್ತರ ಇಲ್ಲ.

ಉರ್ವದಿಂದ (ಎರಡು ದಿನದ ನಂತರ): ಪ್ಲಾಸ್ಟಿಕ್ ತೆಗೆದೆವು. ಗೋಡೆಯ ಬದಿಗೇ ಹನಿ ನಿಂತಿದೆ, ಕೆಳಗಿನ ಅಂಚಿನಲ್ಲಿ ಜಾಸ್ತಿ.

ಇಂಜಿನಿಯರ್: ಹಾಗಾದರೆ ನಾಳೆಯೇ ಇಂಟರ್‌ಲಾಕ್ ಎಬ್ಬಿಸಲು ಹೇಳಿ. ಅಗೆದ ಮೇಲೆ ಪಂಚಾಂಗದ ಫೋಟೋ ಹಾಕಿ, ನೋಡುತ್ತೇನೆ.