ಸರ್ಕಾರಕ್ಕೂ ಕಂಪನಿಗೂ ನಡುವೆ ಸಿಕ್ಕವಳ ಕಥೆ ಬರೆಯುವುದು ಹೇಗೆ? ಅನುಭವ ಹೇಳಿ

ಕೇಳಿದವರು, ಹನುಮಂತನಗರ:
2070ರ ಬೆಂಗಳೂರಿನ ಮೇಲೆ ಒಂದು ವೈಜ್ಞಾನಿಕ ಕಥೆ ಬರೆಯುತ್ತಿದ್ದೇನೆ. ನೀರು ಹಂಚುವುದು ಕಂಪನಿ. ಯಾರಿಗೆ ಎಷ್ಟು ಅಂತ ನಿಯಮ ಮಾಡುವುದು ಸರ್ಕಾರ. ನಾಯಕಿ ನೀರಿನ ಮೀಟರ್ ರಿಪೇರಿ ಮಾಡುವವಳು. ಒಂದು ದಿನ ಅವಳ ಮನೆಯ ನಲ್ಲಿಯೇ ಬಂದ್ ಆಗುತ್ತದೆ. ಆದರೆ ಎರಡೂ ಕಡೆಯವರು ಬರೀ ವಿಲನ್‌ಗಳಾಗಿಬಿಟ್ಟಿದ್ದಾರೆ, ಕಥೆ ಸಪ್ಪೆಯಾಗಿದೆ. ಇಂಥದ್ದನ್ನು ಓದಿದವರು, ಬರೆದವರು, ಇಂಥ ಇಕ್ಕಟ್ಟಿನಲ್ಲಿ ಸಿಕ್ಕವರು ದಯವಿಟ್ಟು ಹೇಳಿ.

ರಾಜಾಜಿನಗರದಿಂದ:
ನೀವು ಇಬ್ಬರನ್ನೂ ಎದುರುಬದುರು ನಿಲ್ಲಿಸಿದ್ದೀರಿ ಅನ್ನಿಸುತ್ತದೆ. ನನ್ನನ್ನು ಹೆದರಿಸಿದ ಕಥೆಗಳಲ್ಲಿ ಅವರ ಮಧ್ಯೆ ಒಪ್ಪಂದ ಇರುತ್ತದೆ. ಕರೆಲ್ ಚಾಪೆಕ್‌ನ ‘ಆರ್.ಯು.ಆರ್.’ ನಾಟಕ 1920ರದು. ಅಲ್ಲಿ ಕಂಪನಿ ರೋಬೋಗಳನ್ನು ಮಾಡಿ ಮಾರುತ್ತದೆ. ಸರ್ಕಾರಗಳು ಕೊಂಡು ಸೈನಿಕರನ್ನಾಗಿ ಮಾಡುತ್ತವೆ. ಕಂಪನಿಯವರಿಗೆ ಅದು ಬಂದ ಆರ್ಡರ್, ಅಷ್ಟೇ.

1987ರ ‘ರೋಬೋಕಾಪ್’ ಸಿನಿಮಾವನ್ನೂ ಇನ್ನೊಮ್ಮೆ ನೋಡಿ. ಡೆಟ್ರಾಯ್ಟ್ ನಗರದ ಪೊಲೀಸ್ ಇಲಾಖೆಯನ್ನು ಒಂದು ಕಂಪನಿ ನಡೆಸುತ್ತದೆ. ಸತ್ತ ಪೊಲೀಸ್ ಮರ್ಫಿಯ ದೇಹವನ್ನೇ ಯಂತ್ರ ಮಾಡುತ್ತಾರೆ. ಕಾನೂನು ಕಾಪಾಡು ಅಂತ ತಲೆಯೊಳಗೆ ಬರೆದಿದ್ದಾರೆ. ಜೊತೆಗೆ ಗುಟ್ಟಾಗಿ ಇನ್ನೊಂದು ನಿಯಮ: ಕಂಪನಿಯ ಹಿರಿಯ ಅಧಿಕಾರಿಯನ್ನು ಬಂಧಿಸುವಂತಿಲ್ಲ. ಕೊನೆಯಲ್ಲಿ ತಪ್ಪಿತಸ್ಥ ಅಧಿಕಾರಿ ಕಣ್ಣೆದುರೇ ಇದ್ದಾನೆ, ಸಾಕ್ಷಿಯೂ ಇದೆ, ಮರ್ಫಿಯ ಕೈ ಮಾತ್ರ ಏಳುವುದಿಲ್ಲ. ಕಂಪನಿಯ ಮುಖ್ಯಸ್ಥ ಆ ಅಧಿಕಾರಿಯನ್ನು ಕೆಲಸದಿಂದ ತೆಗೆದ ಮೇಲೆಯೇ ಗುಂಡು ಹಾರುತ್ತದೆ. ಅಲ್ಲಿ ಖುಷಿಪಡುವವರೇ ಜಾಸ್ತಿ. ನನಗೆ ಅದೇ ಜಾಗದಲ್ಲಿ ಭಯವಾಗುತ್ತದೆ. ಮಾಲೀಕ ಒಪ್ಪಿದರೆ ಮಾತ್ರ ನ್ಯಾಯ ಅಂತಾಯಿತಲ್ವಾ? ನಿಮ್ಮ ನಾಯಕಿ ದಿನಾ ಬಿಚ್ಚಿ ಜೋಡಿಸುವ ಮೀಟರಿನೊಳಗೂ ಅಂಥದ್ದೊಂದು ನಿಯಮ ಇರಲಿ. ಅವಳಿಗೇ ಗೊತ್ತಿರದ ಹಾಗೆ.

ಕೆಂಗೇರಿಯಿಂದ:
ನಾನು ಕಥೆ ಓದುವುದು ಕಡಿಮೆ. ಬೈಕ್ ಟ್ಯಾಕ್ಸಿ ಓಡಿಸುತ್ತಿದ್ದೆ. 2025ರ ಜೂನ್ 16ರಿಂದ ಹೈಕೋರ್ಟ್ ಆದೇಶದಂತೆ ರಾಜ್ಯದಲ್ಲಿ ಬೈಕ್ ಟ್ಯಾಕ್ಸಿ ನಿಂತಿತು. ಸರ್ಕಾರ ಅದಕ್ಕೆ ನಿಯಮ ಮಾಡಿರಲಿಲ್ಲ, ಅದೇ ಕಾರಣ. ಕಂಪನಿಯವರನ್ನು ಕೇಳಿದರೆ ‘ನೀವು ನಮ್ಮ ನೌಕರರಲ್ಲ, ಪಾರ್ಟ್‌ನರ್’ ಅಂದರು. ಒಂದು ಕಚೇರಿಯಲ್ಲಿ ಕೇಳಿದರೆ ‘ನಿಮ್ಮ ಕಂಪನಿ ಹತ್ತಿರ ಮಾತಾಡಿ’ ಅಂದರು. ಯಾರೂ ಜೋರು ಮಾಡಲಿಲ್ಲ. ಒಬ್ಬರು ಕೂರಿಸಿ ನೀರು ಕೊಟ್ಟರು. ಬೈಕಿನ ಇಎಂಐ ಮಾತ್ರ ತಾರೀಕಿಗೆ ಸರಿಯಾಗಿ ಕಟ್ ಆಯಿತು. ನಿಮ್ಮ ವಿಲನ್‌ಗಳೂ ಹಾಗೇ ಮೆತ್ತಗೆ ಮಾತಾಡಲಿ. ಮತ್ತೆ, ನಾಯಕಿಗೆ ಒಂದು ಸಾಲ ಇರಲಿ. ಸಾಲ ಇಲ್ಲದವರು ಎಲ್ಲ ಬಿಟ್ಟು ಊರಿಗೆ ಹೋಗಿಬಿಡಬಹುದು.

ವರ್ತೂರಿನಿಂದ:
ನೀರು ಅಂದ ತಕ್ಷಣ 2024ರ ಬೇಸಿಗೆ ನೆನಪಾಯಿತು. ಮಾರ್ಚ್‌ನಲ್ಲಿ ಜಿಲ್ಲಾಡಳಿತ ಟ್ಯಾಂಕರ್ ದರ ನಿಗದಿ ಮಾಡಿತು. 5 ಕಿ.ಮೀ. ಒಳಗಾದರೆ 6,000 ಲೀಟರ್‌ಗೆ 600 ರೂಪಾಯಿ. ನಮ್ಮ ಕಡೆ ಆ ದರ ಹೇಳಿದರೆ ಸಾಕು, ಟ್ಯಾಂಕರ್‌ನವರು ಫೋನ್ ಇಡುತ್ತಿದ್ದರು. ದೂರು ಕೊಡೋಣ ಅಂದೆ. ಬರುತ್ತಿರುವ ಒಂದು ಟ್ಯಾಂಕರ್ ಕೂಡ ನಿಂತುಹೋಗುತ್ತದೆ, ಸುಮ್ನಿರಿ ಮೇಡಂ ಅಂತ ಅಪಾರ್ಟ್‌ಮೆಂಟಿನವರೇ ತಡೆದರು. ಮಕ್ಕಳು, ವಯಸ್ಸಾದವರು ಇರುವ ಮನೆಗಳು, ಅವರನ್ನು ಬೈಯಲೂ ಆಗಲಿಲ್ಲ. ನಿಮ್ಮ ಕಥೆಯಲ್ಲಿ ಪಕ್ಕದ ಮನೆಯವರು ಏನು ಮಾಡುತ್ತಿದ್ದಾರೆ?

ಬಸವನಗುಡಿಯಿಂದ:
ನಾಯಕಿ ಸೋಲಲೇಬೇಕು ಅಂತ ಬರೆಯಬೇಡಿ, ದಯವಿಟ್ಟು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 80 ದಾಟಿತ್ತು. 2017ರಲ್ಲಿ 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಮರುವರ್ಷ ಕೋರ್ಟ್ ಆಧಾರನ್ನು ಉಳಿಸಿತು. ಆದರೆ ಖಾಸಗಿ ಕಂಪನಿಗಳು ಒಪ್ಪಂದದ ಮೇಲೆ ಅದನ್ನು ಬಳಸಲು ದಾರಿ ಕೊಟ್ಟಿದ್ದ 57ನೇ ಸೆಕ್ಷನ್ನಿನ ಭಾಗವನ್ನು ರದ್ದು ಮಾಡಿತು. 2019ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು. ಜನ ತಾವಾಗಿ ಒಪ್ಪಿದರೆ ಬ್ಯಾಂಕುಗಳು, ಮೊಬೈಲ್ ಕಂಪನಿಗಳು ಮತ್ತೆ ಬಳಸಬಹುದು ಅಂತಾಯಿತು. ಇಷ್ಟು ವರ್ಷದ ಹೋರಾಟ, ಇಂಥ ಅರೆ ಗೆಲುವು. ನಿಮ್ಮ ನಾಯಕಿಯ ಮನೆಗೆ ನೀರು ವಾಪಸ್ ಬರಲಿ. ಮುಂದಿನ ತಿಂಗಳು ಅವಳ ಮುಂದೆ ಒಂದು ಒಪ್ಪಿಗೆ ಪತ್ರ ಇಡಿ.