ಅಪ್‌ಡೇಟ್: 1951ರ ಷೆವ್ರೊಲೆ 3100, 6 ವೋಲ್ಟೇ ಉಳೀತು

ಹೋದ ಸಲ ಕೇಳಿದ್ದು ಇಷ್ಟು: ಈ ಹಳೇ ಪಿಕಪ್ಪನ್ನ ಫ್ಯಾಕ್ಟರಿಯಿಂದ ಬಂದ ಹಾಗೇ ಮಾಡಬೇಕು, ಆದ್ರೆ ಸ್ಟಾರ್ಟರ್ ಎಳೀತಿಲ್ಲ, 6 ವೋಲ್ಟ್ ತೆಗೆದು 12 ಹಾಕಿಬಿಡಲಾ? ಇಂಜಿನ್ ಈ ಗಾಡಿಯದ್ದೇನಾ? "ಮೊದಲು ಕೇಬಲ್ ನೋಡಿ" ಅಂದವರಿಗೆ ದೊಡ್ಡ ನಮಸ್ಕಾರ.

ಅದೇ ಆಗಿತ್ತು. ಹಿಂದೆ ಯಾರೋ 12 ವೋಲ್ಟ್ ಗಾಡಿಯ ತೆಳು ಬ್ಯಾಟರಿ ಕೇಬಲ್ ಹಾಕಿದ್ದರು. ಅಷ್ಟೇ ಪವರ್ ಬೇಕಂದ್ರೆ 6 ವೋಲ್ಟಲ್ಲಿ ಎರಡರಷ್ಟು ಕರೆಂಟ್ ಹರೀಬೇಕು. ಕೇಬಲ್ ಬಿಸಿಯಾಗುತ್ತೆ, ಸ್ಟಾರ್ಟರ್ ಮುಲುಗುತ್ತೆ. ದಪ್ಪ ಕೇಬಲ್ ತಂದು, ಅರ್ಥಿಂಗ್ ಕೂರೋ ಜಾಗದ ಬಣ್ಣ, ತುಕ್ಕು ಎಲ್ಲ ಉಜ್ಜಿ ಕಬ್ಬಿಣ ಬೆಳ್ಳಗೆ ಕಾಣೋವರೆಗೂ ಕೆರೆದೆ. ಈಗ ಒಂದೇ ತುಳಿತಕ್ಕೆ ಸ್ಟಾರ್ಟ್. (ಹೌದು, ಇದರಲ್ಲಿ ಸ್ಟಾರ್ಟರ್ ಕಾಲಲ್ಲಿ ತುಳಿಯೋದು. ಆ ಮಜಾನೇ ಬೇರೆ.)

ಇಂಜಿನ್ ಬ್ಲಾಕ್ ಮೇಲಿನ ಜಿಡ್ಡು ತೆಗೆದಾಗ ಎರಕದ ತಾರೀಖು ಸಿಕ್ತು: ಸಿ-14-1. ಸಿ ಅಂದ್ರೆ ಮೂರನೇ ತಿಂಗಳು, ಕೊನೇ 1 ಅಂದ್ರೆ ಇಸವಿಯ ಕೊನೇ ಅಂಕಿ, ಅಂದ್ರೆ 1951ರ ಮಾರ್ಚ್ 14. ಗಾಡಿಯ ವಯಸ್ಸಿಗೆ ತಾಳೆ ಆಗುತ್ತೆ. ಅದೇ ಇಂಜಿನ್ ಅಂತ ಅಷ್ಟಕ್ಕೇ ಆಣೆ ಇಡೋಕಾಗಲ್ಲ, ಆದ್ರೆ 216 ಘನ ಇಂಚಿನ ಆರು ಸಿಲಿಂಡರ್ ಇಂಜಿನ್ನೇ ಇರೋದರಿಂದ ನನಗೆ ಸಾಕು. ಪಿಸ್ಟನ್ ರಾಡ್‌ಗಳ ಬ್ಯಾಬಿಟ್ ಬೇರಿಂಗ್ (ಮೆತ್ತನೆ ಲೋಹ ಹೊಯ್ದು ಮಾಡಿದ್ದು) ಸ್ವಲ್ಪ ಸಡಿಲ ಇತ್ತು. ಮಧ್ಯೆ ಇಡೋ ತೆಳು ತಗಡು, ಅಂದ್ರೆ ಶಿಮ್, ತೆಗೆದು ಬಿಗಿ ಮಾಡಿದ್ವಿ. ಇದರ ಬದಲು ಷೆವ್ರೊಲೆಯದ್ದೇ ದೊಡ್ಡ 235 ಘನ ಇಂಚಿನ ಇಂಜಿನ್ ಹಾಕಿ ಅಂದವರ ಮಾತು ಓಡಿಸೋಕೆ ಸರಿ, ನನ್ನ ಉದ್ದೇಶಕ್ಕಲ್ಲ.

ಫ್ಯಾಕ್ಟರಿ ಬಣ್ಣ ಹಸಿರು ಅಂತ ಗೊತ್ತಾಯ್ತು, ಬಾನೆಟ್ ಹಿಂಜಿನ ಅಡಿಯಲ್ಲಿ ಹಳೇ ಪದರ ಹಾಗೇ ಇತ್ತು.

ಬಾಕಿ ಇರೋದು ವೈಪರ್. ಕರೆಂಟಲ್ಲ, ಇಂಜಿನ್ ಗಾಳಿ ಎಳೆಯೋ ಸೆಳೆತದ (ವ್ಯಾಕ್ಯೂಮ್) ಮೇಲೆ ನಡೆಯೋದು, ಏರಲ್ಲಿ ಆಕ್ಸಿಲರೇಟರ್ ಒತ್ತಿದ್ರೆ ಮಲಗಿಬಿಡುತ್ತೆ. ಗೊತ್ತಿದ್ದೂ ಅದನ್ನೇ ಇಡ್ತಿದ್ದೀನಿ.