ಬಂಡೆಗೆ ನಾವು ಹೊಡೆದ ಬೋಲ್ಟ್ ಕಿತ್ತು ಬಂದ್ರೆ ಹೊಣೆ ಯಾರದು?

ಬನಶಂಕರಿ ಬಂಡೆಹುಳ:
ಸಾವನದುರ್ಗದ ಕಡೆ ನಾವು ಕ್ಲೈಂಬಿಂಗ್‌ಗೆ ಹೋಗುವ ಒಂದು ರೂಟ್ ಇದೆ. ಮೇಲಿನ ಆಂಕರ್‌ನ (ಹಗ್ಗ ನೇತುಹಾಕುವ ಜಾಗದ) ಎರಡು ಬೋಲ್ಟೂ ತುಕ್ಕು ಹಿಡಿದಿವೆ. ಒಂದರ ಹ್ಯಾಂಗರ್ (ಕೊಕ್ಕೆ ಸಿಕ್ಕಿಸೋಕೆ ಬೋಲ್ಟಿಗೆ ಕೂರಿಸುವ ಲೋಹದ ತುಂಡು) ಬೆರಳಲ್ಲಿ ತಳ್ಳಿದ್ರೆ ಗಿರಗಿರ ತಿರುಗುತ್ತೆ. ಹೊಡೆದವರು ಯಾರೋ ಗೊತ್ತಿಲ್ಲ. ನಾವೇ ದುಡ್ಡು ಹಾಕಿ ಹೊಸದು ಹಾಕೋಣ ಅಂದ್ರೆ ಗೆಳೆಯನೊಬ್ಬ ತಲೆಗೆ ಹುಳ ಬಿಟ್ಟ: 'ನಾಳೆ ಯಾರೋ ಬಿದ್ರೆ ಪೊಲೀಸರು ನಿನ್ನ ಮನೆಗೇ ಬರ್ತಾರೆ.' ನಿಜಾನಾ? 'ನಿಮ್ಮ ಹೊಣೆ ನಿಮ್ಮದೇ' ಅಂತ ಬೋರ್ಡ್ ಹಾಕಿದ್ರೆ ಸಾಕಲ್ವಾ?

ಜಯನಗರ ವಕೀಲ:
ಬೋರ್ಡ್ ನಂಬಿ ಕೂರಬೇಡಿ. ಹತ್ತುವವನು ಒಪ್ಪಿಕೊಂಡಿರೋದು ಕೈಜಾರಿ ಬೀಳುವ ಅಪಾಯವನ್ನು, ಕೆಟ್ಟದಾಗಿ ಹೊಡೆದ ಬೋಲ್ಟನ್ನಲ್ಲ. ಪುಕ್ಕಟೆ ಕೆಲಸಕ್ಕೆ 2019ರ ಗ್ರಾಹಕ ರಕ್ಷಣಾ ಕಾಯ್ದೆ ಬರಲ್ಲ. ತಲೆಗಿಷ್ಟು ಅಂತ ವಸೂಲಿ ಮಾಡಿ ಜನರನ್ನು ಕರೆದೊಯ್ದರೆ ಕಥೆಯೇ ಬೇರೆ. ಆದ್ರೆ ಪುಕ್ಕಟೆ ಇದ್ರೂ ನಿರ್ಲಕ್ಷ್ಯದ ಪ್ರಶ್ನೆ ಹೋಗಲ್ಲ: ಪರಿಹಾರಕ್ಕೆ ಸಿವಿಲ್ ದಾವೆ, ಸಾವಾದ್ರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ, ಅಂದ್ರೆ ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದ ಅಪರಾಧ. ಕೆಲಸ ಬಲ್ಲವನು ವಹಿಸುವಷ್ಟು ಎಚ್ಚರ ನೀವು ವಹಿಸಿದ್ರಾ ಅನ್ನೋದೇ ಮುಖ್ಯ.

ಹಳೇ ಹಗ್ಗ:
ಆ ಎಚ್ಚರ ಬಂಡೆ ಮೇಲೆ ಹೇಗಿರುತ್ತೆ ಅಂತ ಹೇಳ್ತೀನಿ. ಎಸ್‌ಜೆಪಿ ರೋಡಲ್ಲಿ ಗೇಟು ಕೂರಿಸೋಕೆ ಮಾರುವ ಬೋಲ್ಟ್ ತರಬೇಡಿ ಮಾರಾಯ್ರೆ! ಇಎನ್ 959 ಅಥವಾ ಯುಐಎಎ 123 (ಕ್ಲೈಂಬಿಂಗ್ ಬೋಲ್ಟಿನ ಸುರಕ್ಷತಾ ಮಾನದಂಡಗಳು) ಗುರುತಿರುವುದನ್ನೇ ತಗೊಳ್ಳಿ. ಸ್ಟೇನ್‌ಲೆಸ್ ಹ್ಯಾಂಗರಿಗೆ ಸತು ಬಳಿದ ಬೋಲ್ಟ್ ಜೋಡಿಸಿದ್ರೆ ಮಳೆ ನೀರಿಗೆ ಬೋಲ್ಟೇ ಮೊದಲು ತುಕ್ಕು ಹಿಡಿಯುತ್ತೆ. ನಿಮ್ಮದೂ ಹಾಗೇ ಆಗಿರಬಹುದು. ತೂತು ಕೊರೆದ ಮೇಲೆ ಬ್ರಷ್ಷಲ್ಲಿ ಉಜ್ಜಿ, ಊದಿ, ಮತ್ತೆ ಉಜ್ಜಿ. ಕಲ್ಲಿನ ಪುಡಿ ಒಳಗೆ ಉಳಿದ್ರೆ ಬೋಲ್ಟ್ ಸರಿಯಾಗಿ ಕಚ್ಚಲ್ಲ. ಕೈ ಅಂದಾಜಲ್ಲಿ ಬಿಗಿ ಮಾಡಬೇಡಿ, ತಯಾರಕರು ಹೇಳಿದಷ್ಟೇ, ಬಿಗಿ ಅಳೆಯುವ ಟಾರ್ಕ್ ಸ್ಪ್ಯಾನರಲ್ಲಿ. ಯಾವ ಬೋಲ್ಟ್, ಎಷ್ಟು ಆಳ, ಯಾವ ತಾರೀಖು, ಎಲ್ಲ ಫೋಟೋ ಸಮೇತ ಬರೆದಿಡಿ. ನಾಳೆ ಯಾರಾದ್ರೂ ಕೇಳಿದ್ರೆ ಬೋರ್ಡಿಗಿಂತ ಆ ನೋಟ್‌ಬುಕ್ಕೇ ಕೆಲಸಕ್ಕೆ ಬರೋದು. ಅಂದ ಹಾಗೆ, ಜಾಗ ಅರಣ್ಯ ಇಲಾಖೆಯದ್ದಾದ್ರೆ ಡ್ರಿಲ್ ಎತ್ತೋಕೆ ಮೊದಲೇ ಅನುಮತಿ ಕೇಳಿ.

ಬನಶಂಕರಿ ಬಂಡೆಹುಳ:
ಹಾಗಾದ್ರೆ ಮುಟ್ಟದೇ ಸುಮ್ನೆ ಇರೋದೇ ಕ್ಷೇಮ ಅಂತೀರಾ?

ಜಯನಗರ ವಕೀಲ:
ಕಾನೂನಿನ ದೃಷ್ಟಿಯಿಂದ ಹೆಚ್ಚುಕಮ್ಮಿ ಹೌದು. ಬೇರೆಯವರ ಹಳೇ ಬೋಲ್ಟ್ ರಿಪೇರಿ ಮಾಡುವ ಹೊಣೆ ಸಾಮಾನ್ಯವಾಗಿ ನಿಮ್ಮದಲ್ಲ. ಆದ್ರೆ ಅದು ಅಲ್ಲಾಡ್ತಿದೆ ಅಂತ ಗೊತ್ತಿದ್ದೂ ಹೊಸಬರ ಹಗ್ಗ ಅದಕ್ಕೇ ಹಾಕಿದ್ರೆ, ಹೊಡೆದವನು ಯಾರೇ ಇರಲಿ, ಸಿಕ್ಕಿಹಾಕಿಕೊಳ್ಳೋದು ನೀವೇ.

ಹಳೇ ಹಗ್ಗ:
ಹಾಕೋದೇ ಆದ್ರೆ ನಂದು ಬಂಡೆ ಕೊರೆಯುವ ರೋಟರಿ ಹ್ಯಾಮರ್ ಇದೆ, ಭಾನುವಾರ ತರ್ತೀನಿ. ಮೊದಲು ಅನುಮತಿ ಪತ್ರ ತೋರಿಸಿ.